ರಂಗೇಶನ ವಿಷ್ಣುಕ್ರಾಂತಿ

“ಇದೇನ್ಲಾ ನಿನ್ನ ಗಾರ್ಡನ್ನು? ಕುರಿ ಮೇಯ್ದು ಹೋದಂಗೈತಲ್ಲ.”

ರಕ್ಷಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಜೊತೆಗೆ ಬಂದಿದ್ದ ಐದನೇ ಕ್ಲಾಸಿನ ಹುಡುಗಿಯರು ಕಿಸಕ್ಕನೆ ನಕ್ಕರು. ಸಂಜೆ ಐದು ಗಂಟೆ. ರಂಗೇಶನ ಮನೆಯಂಗಳದಲ್ಲಿ ಒಂದೇ ಒಂದು ಹೂವಿರಲಿಲ್ಲ. ನೆಲಕ್ಕಂಟಿ ಹರಡಿದ ಸಣ್ಣೆಲೆಯ ಗಿಡ, ಮಧ್ಯೆ ನಾಲ್ಕು ಕಲ್ಲು, ಅಷ್ಟೇ.

ಸ್ಕೂಲಿನಲ್ಲಿ ಮನೆತೋಟದ ಸ್ಪರ್ಧೆ ಇಟ್ಟಿದ್ದರು. ಯಾರ ಮನೆಯಲ್ಲಿ ಏನು ಬೆಳೆದಿದೆ ಎಂದು ನೋಡಿ ಬರೆದುಕೊಡುವ ಕೆಲಸ ರಕ್ಷಾಳದು. ಅವಳು ಒಪ್ಪಿದವರ ಮನೆಗೆ ಮಾತ್ರ ಸೋಮವಾರ ಆಶಾರಾಣಿ ಮಿಸ್ ಬರುತ್ತಾರೆ. ಅಂದಿನಿಂದ ಬಡವನಹಳ್ಳಿಯಲ್ಲಿ ಅವಳ ಜಂಬ ಹಿಡಿಯುವವರೇ ಇರಲಿಲ್ಲ. ಅವಳ ಮನೆಯ ಮುಂದೆ ನರ್ಸರಿಯ ಹತ್ತು ಕುಂಡಗಳಿದ್ದವು. ತಂದದ್ದು ಅಪ್ಪ, ನೀರು ಹಾಕುವುದು ಅಮ್ಮ. ರಕ್ಷಾ ಮಾಡಿದ ಘನಕಾರ್ಯವೆಂದರೆ ಚೀಟಿಯಲ್ಲಿ ಹೆಸರು ಬರೆದು ಅಂಟಿಸಿದ್ದು.

ಇದು ವಿಷ್ಣುಕ್ರಾಂತಿ ಎಂದ ರಂಗೇಶ. ಎರಡು ವರ್ಷದ ಹಿಂದೆ ಬೆಟ್ಟದ ಬುಡದಿಂದ ಬೇರು ಸಮೇತ ತಂದು ನೆಟ್ಟಿದ್ದನಂತೆ. ಬೇಸಿಗೆಯಲ್ಲಿ ಒಣಗಿದರೂ ಬೇರು ಸಾಯುವುದಿಲ್ಲ, ಮಳೆ ಬಿದ್ದರೆ ಮತ್ತೆ ಚಿಗುರುತ್ತದಂತೆ.

“ಹೂವು...” ಎಂದು ಅವನು ಶುರುಮಾಡಿದ.

“ಹೂವೇ ಇಲ್ಲ, ಹೆಸರು ನೋಡು ಎಷ್ಟುದ್ದ!”

ಎಲ್ಲರೂ ಮತ್ತೆ ನಕ್ಕರು. ಅವನು ಬಾಯಿ ತೆರೆದಾಗಲೆಲ್ಲ ರಕ್ಷಾ ಏನಾದರೊಂದು ಅಂದಳು, ಹುಡುಗಿಯರು ನಕ್ಕರು. ಕೊನೆಗೆ ಅವನ ಹೆಸರಿನ ಮುಂದೆ ‘ಬರೀ ಕಳೆ’ ಎಂದು ಬರೆದು, ಪಟ್ಟಿಯನ್ನು ಮಿಸ್‌ಗೆ ಕೊಟ್ಟೂ ಬಂದಳು.

ಭಾನುವಾರ ಬೆಳಿಗ್ಗೆ ಹಾಲು ತರಲು ಹೊರಟವಳು ಅದೇ ಅಂಗಳದ ಮುಂದೆ ಗಕ್ಕನೆ ನಿಂತಳು. ಮಣ್ಣೇ ಕಾಣದಷ್ಟು ನೀಲಿ. ಅಂಗಿಯ ಗುಂಡಿಯಷ್ಟು ಪುಟ್ಟ ಹೂಗಳು, ನೂರಾರು. ಕಲ್ಲುಗಳ ಸಂದಿಯನ್ನೂ ಬಿಟ್ಟಿರಲಿಲ್ಲ. ತನ್ನ ಕುಂಡಗಳೆಲ್ಲ ಸೇರಿದರೂ ಇದರ ಮುಂದೆ ಏನೂ ಅಲ್ಲ ಎಂದು ಅವಳಿಗೆ ಹೊಳೆಯಿತು. ಹೊಟ್ಟೆ ಉರಿಯಿತು.

“ಇವನ್ನೆಲ್ಲ ಎಲ್ಲಿಂದ ತಂದು ಸಿಗಿಸ್ದೆ?” ಎಂದು ಗದರಿದಳು.

ಕಸ ಆಯುತ್ತಿದ್ದ ರಂಗೇಶ ತಲೆಯೆತ್ತಿದ. “ಬೆಳಿಗ್ಗೆ ಅರಳ್ತವೆ ಕಣೆ. ಮಧ್ಯಾಹ್ನಕ್ಕೆ ಮುಚ್ಕಂತವೆ.”

“ಅವತ್ತೇ ಹೇಳಕ್ಕೇನಾಗಿತ್ತು?”

“ನೀನು ಹೇಳಕ್ ಬುಟ್ರೆ ತಾನೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹೋಗಬಹುದಿತ್ತು. ರಕ್ಷಾಳ ಮುಖ ಬಿಸಿಯಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ನಾಳೆ ಬಹುಮಾನ ತನಗೇ. ಅದೂ ಅವಳಿಗೆ ಗೊತ್ತಿತ್ತು.

ಹಾಲಿನ ಕ್ಯಾನನ್ನು ಅವನ ಜಗಲಿಯ ಮೇಲಿಟ್ಟು ಮಿಸ್ ಮನೆಯ ಕಡೆ ಹೊರಟಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದಳು. ‘ಅವನ ಮನೇಲಿ ಹೂವಿದೆ ಮಿಸ್, ಬೆಳಿಗ್ಗೆನೇ ಬನ್ನಿ’ ಎನ್ನುವುದು ಸಲೀಸಾಗಿ ಬರುತ್ತಿತ್ತು. ‘ಅವನು ಹೇಳೋಕೆ ಬಂದ, ನಾನೇ ಬಿಡಲಿಲ್ಲ’ ಎನ್ನುವಲ್ಲಿ ಮಾತ್ರ ಪ್ರತಿ ಸಲವೂ ತಡವರಿಸುತ್ತಿದ್ದಳು. ಮತ್ತೆ ಮೊದಲಿಂದ ಶುರುಮಾಡುತ್ತಿದ್ದಳು.