ತೋಪಿನವನ ಕಿವಿ

ಸಮ್ ಬರುವ ಮೊದಲೇ ಏಕನಾಥ “ವಾಹ್” ಅಂದುಬಿಟ್ಟ.

ಹಾಡುತ್ತಿದ್ದ ಇಂದುವಿನ ಎದೆ ಚುರುಕ್ ಎಂದಿತು. ತಾಳ ಒಂದು ಸುತ್ತು ತಿರುಗಿ ಮೊದಲ ಪೆಟ್ಟಿಗೆ ಬಂದು ಕೂಡುವ ಜಾಗವೇ ಸಮ್. ತಲೆದೂಗುವುದು ಅಲ್ಲಿ ಎಂದು ಧಾರವಾಡದ ಸಪ್ತಾಪುರದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಕನ್ಯಾ ನೋಡಲು ಬಂದ ಈ ಮನುಷ್ಯ ಬೇಕಂತಲೇ ಚೇಷ್ಟೆ ಮಾಡುತ್ತಿದ್ದಾನೆಯೇ?

ಮತ್ತೊಂದು ಸುತ್ತು. ಮತ್ತೆ ಅದೇ ತಪ್ಪು. ಜೊತೆಗೆ ಬಂದಿದ್ದ ಅವನ ಕಾಕಾ ತ್ರ್ಯಂಬಕರಾಯರು ನಾಚಿ ನೆಲ ನೋಡಿದರು.

ಇಂದುವಿನ ತಾಯಿ ತಾರಾಬಾಯಿ ಅವಲಕ್ಕಿಯ ತಾಟು ಮುಂದಿಟ್ಟು ಮಾತು ಬದಲಿಸಿದರು. “ಹಡಗಿನ್ಯಾಗ ನಿಮ್ಮದು ಏನ್ ಕೆಲಸರೀ?”

ಅವನು ಅವರ ತುಟಿಗಳನ್ನೇ ನೋಡುತ್ತಿದ್ದ. “ತೋಪಿನ ಕೆಲಸರೀ. ಫ್ರಿಗೇಟ್ ಅಂತ, ಹೊಸಾ ತರದ ಹಡಗು. ದೊಡ್ಡ ಹಡಗಿನ ಮ್ಯಾಲೆ ವೈರಿ ವಿಮಾನ ಎರಗಿದ್ರ ನಾವು ಅಡ್ಡ ನಿಂತು ಹೊಡೀತೀವಿ. ಒಂದು ತೋಪು ಹೊತ್ತಿಗೆ ಹಾರ್ಲಿಲ್ಲಂದ್ರ ಎಲ್ಲಾರೂ ನೀರಿನ ಪಾಲು.”

ಆ ಮಾತಿನ ಬೆನ್ನಿಗೇ ತೊಲೆಯ ಸಂದಿಯಲ್ಲಿ ಹಲ್ಲಿ ಲೊಚಗುಟ್ಟಿತು.

ಹಲ್ಲಿ ನುಡಿದರೆ ಮಾತು ಖರೇ ಆಗುತ್ತದಂತೆ. ತಾರಾಬಾಯಿ, ತ್ರ್ಯಂಬಕರಾಯರು, ಇಂದು, ಮೂವರೂ ಬೆರಳಿನಿಂದ ನೆಲ ತಟ್ಟಿ “ಕೃಷ್ಣ, ಕೃಷ್ಣ” ಎಂದರು. ಏಕನಾಥ ಮಾತ್ರ ನಿಶ್ಚಿಂತೆಯಿಂದ ಅವಲಕ್ಕಿ ತಿನ್ನುತ್ತಿದ್ದ.

ಹಾಡಿಗೂ ಬೆಲೆ ಇಲ್ಲ, ಶಕುನಕ್ಕೂ ಬೆಲೆ ಇಲ್ಲ… ಎಷ್ಟು ಸೊಕ್ಕು ಇವನಿಗೆ!

“ಇವರು ನನಗ ಬ್ಯಾಡವ್ವಾ,” ಎಂದಳು ಇಂದು, ಬಂದವರು ಅಂಗಳ ದಾಟುತ್ತಲೇ.

ವಾರ ತುಂಬುವುದರೊಳಗೆ ಯುದ್ಧ ಶುರುವಾಯಿತು. ಅದು ೧೯೬೫ರ ಸೆಪ್ಟೆಂಬರ್. ಓಣಿಯ ಮಂದಿ ಪಕ್ಕದ ಮಹಾಂತಯ್ಯನವರ ರೇಡಿಯೋ ಮುಂದೆ ಕೂಡುತ್ತಿದ್ದರು. ತಾರಾಬಾಯಿ ಅಲ್ಲಿಗೆ ಹೋಗಿದ್ದ ಒಂದು ಮಧ್ಯಾಹ್ನ, ಇಂದು ಹಿತ್ತಲಿನಿಂದ ನೀರು ತಂದು ನೋಡುತ್ತಾಳೆ, ಏಕನಾಥ ಮನೆ ಮುಂದಿನ ಕಟ್ಟೆಯ ಹತ್ತಿರ ಬೀದಿಯ ಕಡೆ ಮುಖ ಮಾಡಿ ನಿಂತಿದ್ದಾನೆ.

“ಮತ್ಯಾಕ ಬಂದ್ರಿ?” ಎಂದಳು ಹಿಂದಿನಿಂದ.

ಉತ್ತರವಿಲ್ಲ.

“ನಿಮಗೇ ಕೇಳಿದ್ದುರೀ.”

ಅವನು ತಿರುಗಲಿಲ್ಲ. ಸಿಟ್ಟಿನಲ್ಲಿ ಅವಳ ಕೈಯ ಹಿತ್ತಾಳೆ ಕೊಡ ಜಾರಿತು. ಕಲ್ಲು ಹಾಸಿನ ಮೇಲೆ ಢಣಢಣ ಉರುಳಿತು. ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಅವನು ನಿಂತೇ ಇದ್ದ.

ಇಂದುವಿನ ಸಿಟ್ಟು ಅಲ್ಲೇ ಇಳಿಯಿತು. ಸುತ್ತಿ ಬಂದು ಅವನ ಎದುರು ನಿಂತಳು.

“ನಿಮಗ ಕೇಳಸೂದಿಲ್ಲ.”

ಅವನ ಮುಖ ಬಿಳಿಚಿತು. “ಮಳಿಗಾಲದ ಮುಂಚೆ ತೋಪಿನ ತಾಲೀಮು ಇತ್ತು. ಕಿವ್ಯಾಗ ಹತ್ತಿ ಇಟ್ಕೊಳ್ಳೂದು ಮರ್ತೆ. ಆವತ್ತಿಂದ ದಿನಾ ಕಡಿಮಿ ಆಗ್ಲಿಕ್ಕತ್ತಿತ್ತು. ರಜಾಕ್ಕ ಬಂದ ಮ್ಯಾಲೆ ಪೂರಾ ಹೋತು. ತುಟಿ ನೋಡಿ ಮಾತಾಡ್ತೇನಿ… ಕಾಕಾಗೂ ಗೊತ್ತಿಲ್ಲ.”

“ಹಂಗಾದ್ರ ಆ ವಾಹ್?”

“ನೀವು ಕಣ್ಣು ಮುಚ್ಚಿದಾಗೆಲ್ಲಾ ಸಮ್ ಬಂತು ಅಂದ್ಕೊಂಡೆ. ನಿಮ್ಮ ಮುಖಾ ಅಷ್ಟು ಛಲೋ ಕಾಣಸ್ತಿತ್ತು.”

ಅಯ್ಯೋ, ಇವನಿಗೇ ಅಲ್ಲವೇ ಸೊಕ್ಕು ಅಂದದ್ದು… ಇಂದು ಬಗ್ಗಿ ಉರುಳಿದ ಕೊಡ ಎತ್ತಿಟ್ಟಳು.

“ಹಡಗಿನವರ ತಂತಿ ಬಂದದ. ರಜಾ ರದ್ದು. ಇವತ್ತ ಸಂಜಿ ಗಾಡಿಗೆ ಹೊಂಟೇನಿ,” ಎಂದ ಅವನು. “ಅವತ್ತಿನ ತಪ್ಪಿಗೆ ಕ್ಷಮಾ ಕೇಳಿ ಹೋಗೋಣಂತ ಬಂದೆ.”

“ಅಲ್ಲಿ ಡಾಕ್ಟರಿಗೆ ಹೇಳ್ತೀರಿಲ್ಲೋ?”

“ಹೇಳಿದ್ರ ಹಡಗಿನಿಂದ ಇಳಸ್ತಾರ. ಯುದ್ಧಕ್ಕ ಅಂಜಿ ಕಿವುಡನ ಸೋಗು ಹಾಕಿದ ಅಂತಾರ ಮಂದಿ.”

“ಅನ್ನಲಿ. ವಿಮಾನ ತಲಿ ಮ್ಯಾಲೆ ಬಂದಾಗ, ಹೊಡೀರಿ ಅಂದದ್ದು ನಿಮಗ ಕೇಳಸ್ಲಿಲ್ಲಂದ್ರ? ಎಲ್ಲಾರೂ ನೀರಿನ ಪಾಲು ಅಂದವರು ನೀವೇ. ಆಗ ಹಲ್ಲಿ ನುಡಿದಿತ್ತುರೀ. ನಿಮಗ ಅದೂ ಕೇಳಸ್ಲಿಲ್ಲ.”

ಏಕನಾಥ ಕಟ್ಟೆಯ ಮೇಲೆ ಕುಸಿದು ಕೂತ. ಆಮೇಲೆ ತಲೆ ಎತ್ತಿ ಕೇಳಿದ. “ಕಿವುಡನ್ನ ಯಾರು ಲಗ್ನಾ ಮಾಡ್ಕೋತಾರ, ಇಂದೂ?”

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು.

“ಹಾಡಾಕಿ ಮಾಡ್ಕೋತಾಳ,” ಎಂದಳು ಅವಳು, ಅವನಿಗೆ ಕಾಣುವಂತೆ ತುಟಿಯಾಡಿಸಿ. “ಸಮ್ ಬಂದಾಗ ಕೈ ಅದುಮ್ತೇನಿ. ನೀವು ಸುಮ್ನ ವಾಹ್ ಅನ್ರಿ.”

ಅವನ ಕಣ್ಣು ತುಂಬಿ ಬಂದವು. “ಡಾಕ್ಟರಿಗೆ ಹೇಳ್ತೇನಿ. ಹೇಳಿ ತಿರುಗಿ ನಿನ್ನ ಹತ್ರನ ಬರ್ತೇನಿ.”

ಇಂದು ಉಸಿರು ಬಿಗಿಹಿಡಿದು ಮನೆಯೊಳಗಿನ ತೊಲೆಯ ಕಡೆ ಕಿವಿಗೊಟ್ಟಳು. ನುಡಿ, ಈಗೊಂದು ಸಲ ನುಡಿ… ಹಲ್ಲಿ ನುಡಿಯಲಿಲ್ಲ. ಪಕ್ಕದ ಮನೆಯ ರೇಡಿಯೋ ಮಾತ್ರ ಗಡಿಯಲ್ಲಿ ಸತ್ತವರ ಸುದ್ದಿ ಹೇಳುತ್ತಿತ್ತು.

ಅವಳು ಅವನ ಪಕ್ಕ ಕೂತು, ಬೆರಳಿನಿಂದ ಕಟ್ಟೆಯ ಕಲ್ಲು ತಟ್ಟಿದಳು. “ಕೃಷ್ಣ, ಕೃಷ್ಣ.”

“ಹಲ್ಲಿ ನುಡೀತೇನು?”

“ನುಡೀತ್ರಿ.”

ಏಕನಾಥ ನಕ್ಕ. ಅವಳ ಬೆರಳಿನ ಪಕ್ಕದಲ್ಲೇ ಬೆರಳಿಟ್ಟು ತಾನೂ ಕಲ್ಲು ತಟ್ಟಿದ.