ಸೋಮವ್ವನ ಕಪ್ಪು-ಬಿಳುಪು ಫೋಟೋ

“ಸಾವಕಾರ್ರ, ಸೋಮವ್ವ ಯಾವಾಗ ಹೋದಳ್ರಿ?”

ಚಹಾದ ಗಾಡಿಯ ಧರ್ಮರಾಜ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಂಗಡಿಯ ಮುಂದೆ ನಿಂತಿದ್ದ. ಚಾದರದ ಗಂಟು ಬಿಚ್ಚುತ್ತಿದ್ದ ಸಾತಲಿಂಗಪ್ಪನಿಗೆ ಏನೂ ತಿಳಿಯಲಿಲ್ಲ.

“ಎಲ್ಲಿ ಹೋಗ್ತಾಳ? ಹಿಟ್ಟಿನ ಗಿರಣಿಗಿ ಹೋಗ್ಯಾಳ, ಬರ್ತಾಳ.”

“ಹಂಗಲ್ಲರಿ... ಫೋಟೋ ಇಟ್ಟೀರಲ್ಲ!”

ಗಲ್ಲಾಪೆಟ್ಟಿಗೆಯ ಮೇಲೆ ಚೌಕಟ್ಟು ಹಾಕಿಸಿದ ದೊಡ್ಡ ಫೋಟೋ ಒರಗಿತ್ತು. ಕಪ್ಪು-ಬಿಳುಪು. ಅದರ ತುಂಬ ಸೋಮವ್ವನ ಮುಖ. ಪಕ್ಕದಲ್ಲಿ ಬೆಳಗಿನ ಪೂಜೆಯ ಊದಿನಕಡ್ಡಿ ಉರಿದು ಬೂದಿಯಾಗಿ ಬಿದ್ದಿತ್ತು. ಎದುರಿನ ಫುಟ್‌ಪಾತಿನಲ್ಲಿ ಸೋಮವ್ವ ರೊಟ್ಟಿ ಮಾರಲು ಕೂರುವ ಜಾಗ ಬೇರೆ ಖಾಲಿ.

ಒಳಗೆ ಊಟಕ್ಕೆ ಕುಳಿತಿದ್ದ ಅವನ ಮಗಳು ಸ್ನೇಹಲ ತುತ್ತು ಅಲ್ಲೇ ಬಿಟ್ಟು ಓಡಿ ಬಂದಳು. “ಕಾಕಾ, ಅಜ್ಜಿಗಿ ಏನೂ ಆಗಿಲ್ಲರಿ! ಅದು ನಾ ತಗದ ಫೋಟೋ! ಸಾಲಿ ಪ್ರದರ್ಶನಕ್ಕ!”

ಧರ್ಮರಾಜ ಟೊಪ್ಪಿಗೆಯನ್ನು ಮತ್ತೆ ತಲೆಗೇರಿಸಿದ. ಆಮೇಲೆ ತಲೆ ಕೆರೆದುಕೊಂಡ. “ಅಯ್ಯ ಶಿವನ! ನಾ ಆಗಲೇ ಅಕಿ ಊರು ಹೋಟಗಿಗಿ ಫೋನ್ ಮಾಡಿಬಿಟ್ಟೀನಿ. ಅಕಿ ಮಗ ಸಿದ್ಧರಾಮ ಹೊಂಟಾನ.”

ಧರ್ಮರಾಜನದೂ ತಪ್ಪಲ್ಲ ಬಿಡಿ. ಸೊಲ್ಲಾಪುರದಲ್ಲಿ ಯಾವ ಚೌಕಕ್ಕೆ ಹೋದರೂ ಫ್ಲೆಕ್ಸ್. ಹುಟ್ಟುಹಬ್ಬದ್ದಾದರೆ ಕಣ್ಣು ಕುಕ್ಕುವ ಬಣ್ಣ. ಕಪ್ಪು-ಬಿಳುಪಿನಲ್ಲಿ ಒಂದೇ ಮುಖ ಇದ್ದರೆ ಕೆಳಗಿನ ಅಕ್ಷರ ಯಾರೂ ಓದುವುದಿಲ್ಲ, ಸುಮ್ಮನೆ ಕೈಮುಗಿದು ಮುಂದೆ ಹೋಗುತ್ತಾರೆ. ಇದು ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಕ್ಯಾಮೆರಾದ ಹುಚ್ಚು ಹತ್ತಿದವರಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು?

ಹುಚ್ಚು ಹತ್ತಿಸಿದವನು ಮದುವೆಗಳ ಫೋಟೋ ತೆಗೆಯುವ ಅಮೋಲ ಕಾಕಾ. ದೀಪಾವಳಿ ರಜೆಯಲ್ಲಿ ತನ್ನ ಹಳೆಯ ಕ್ಯಾಮೆರಾ ಮತ್ತು ಮೂರು ಲೆನ್ಸುಗಳನ್ನು ಸ್ನೇಹಲಳಿಗೆ ಕೊಟ್ಟಿದ್ದ. ಅಗಲದ ಲೆನ್ಸಿನಲ್ಲಿ ಇಡೀ ಗಲ್ಲಿ ಹಿಡಿಯುತ್ತಿತ್ತು. ಗಿಡ್ಡ ಲೆನ್ಸಿನಲ್ಲಿ ಒಬ್ಬರ ಫೋಟೋ ಬೇಕೆಂದರೆ ಅವರ ಮುಂದೆಯೇ ಹೋಗಿ ನಿಲ್ಲಬೇಕಾಗುತ್ತಿತ್ತು. ಸ್ನೇಹಲಳಿಗೆ ಹಿಡಿಸಿದ್ದು ಮೂರನೆಯದು, ಉದ್ದನೆಯದು. ಅಂಗಡಿಯ ಅಟ್ಟದ ಮೇಲೆ ಚಾದರದ ಗಂಟುಗಳ ಹಿಂದೆ ಕೂತರೂ ಸಾಕು, ರಸ್ತೆಯಾಚೆಯ ಮುಖ ಮೂಗಿನ ಹತ್ತಿರ ಬರುತ್ತಿತ್ತು. ಕಬ್ಬಿನ ಹಾಲಿನವ, ಬಾಳೆಹಣ್ಣಿನವ, ರಿಕ್ಷಾದಲ್ಲಿ ನಿದ್ದೆ ಮಾಡುವ ಡ್ರೈವರ್, ಎಲ್ಲರನ್ನೂ ತೆಗೆದಿದ್ದಳು. ಯಾರಿಗೂ ಗೊತ್ತೇ ಆಗಿರಲಿಲ್ಲ.

ಕಡಕ ರೊಟ್ಟಿ ಮಾರುವ ಸೋಮವ್ವ ಮಧ್ಯಾಹ್ನದ ಬಿಸಿಲಲ್ಲಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಎತ್ತಲೋ ನೋಡುತ್ತಿದ್ದ ಫೋಟೋ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಅಮೋಲ ಕಾಕಾ ಅದನ್ನು ಕಪ್ಪು-ಬಿಳುಪು ಮಾಡಿ, “ಏಕದಮ್ ಭಾರಿ!” ಎಂದಿದ್ದ. ಶನಿವಾರದ ಪ್ರದರ್ಶನದಲ್ಲಿ ಅದನ್ನೇ ಬಾಗಿಲಿಗೆ ಎದುರಾಗಿ ಹಾಕುವುದಾಗಿ ರೂಪಾಲಿ ಮೇಡಂ ಹೇಳಿದ್ದರು. ಮೊದಲ ನಂಬರ್ ತನ್ನದೇ ಎಂದು ಸ್ನೇಹಲ ಮಂಗಳವಾರದಿಂದಲೇ ಗಾಳಿಯಲ್ಲಿ ನಡೆದಾಡುತ್ತಿದ್ದಳು.

ಅರ್ಧ ತಾಸಿನಲ್ಲಿ ಸಿದ್ಧರಾಮನ ಮೋಟರ್‌ಸೈಕಲ್ ಬಂತು. ಅಷ್ಟರಲ್ಲಿ ಸೋಮವ್ವ ಗಿರಣಿಯಿಂದ ಬಂದು ಬುಟ್ಟಿ ಬಿಚ್ಚಿದ್ದಳು. ತಾಯಿಯನ್ನು ಕಂಡವನೇ ಸಿದ್ಧರಾಮ ರಸ್ತೆಯಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತ.

“ಯಾಕೋ? ಯಾರಿಗೇನಾತು?” ಸೋಮವ್ವ ಗಾಬರಿಯಾದಳು.

“ನಿನಗಽ ಆಗಿತ್ತಲ್ಲಬೇ!”

ವಿಷಯ ತಿಳಿದಾಗ ಗಲ್ಲಿಗೆ ಗಲ್ಲಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೋಮವ್ವನೂ ನಕ್ಕಳು. ನಗುತ್ತಲೇ, “ಎಲ್ಲೈತಿ ಆ ಫೋಟೋ, ತೋರಸು” ಎಂದಳು.

ಸ್ನೇಹಲ ತಂದು ತೋರಿಸಿದಳು. ಸೋಮವ್ವ ಬಹಳ ಹೊತ್ತು ನೋಡಿದಳು. ನಗು ಮೆಲ್ಲಗೆ ಮುಖದಿಂದ ಇಳಿದು ಹೋಯಿತು.

“ಇದು ಯಾವಾಗ ತಗದಿ, ಯವ್ವಾ?”

“ಸೋಮವಾರ, ಅಜ್ಜಿ. ಅಟ್ಟದ ಮ್ಯಾಲಿಂದ.”

“ನನಗ ಗೊತ್ತಽ ಆಗಲಿಲ್ಲ.” ಸೋಮವ್ವ ಕೈಯೆತ್ತಿ ತಲೆಯ ಮೇಲಿನ ಸೆರಗು ಮುಟ್ಟಿ ನೋಡಿಕೊಂಡಳು. “ತಲಿ ಮ್ಯಾಲ ಸೆರಗಿಲ್ಲ. ಬಾಯಿ ತಗದೀನಿ. ನಾಕ ಮಂದಿ ನೋಡ್ತಾರಲ್ಲ ಇದನ್ನ?”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅರ್ಧದಷ್ಟು ರೊಟ್ಟಿ ಉಳಿದಿದ್ದರೂ ಬುಟ್ಟಿ ಎತ್ತಿಕೊಂಡು ಮಗನ ಗಾಡಿ ಹತ್ತಿ ಹೋಗಿಬಿಟ್ಟಳು.

ಮರುದಿನ ಅಂಗಡಿಗೆ ಬೆನ್ನು ಮಾಡಿ ಕೂತಳು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿದ್ದರೂ ತಿರುಗಲಿಲ್ಲ. ಸ್ನೇಹಲ ಸಾಲೆಯಿಂದ ಬಂದಾಗಲೆಲ್ಲ ಕರೆದು ಚಟ್ನಿ ಹಚ್ಚಿದ ರೊಟ್ಟಿಯ ಮುರುಕು ಕೊಡುತ್ತಿದ್ದವಳು ಅಂದು ಕರೆಯಲಿಲ್ಲ. ಸ್ನೇಹಲ ಅಮೋಲ ಕಾಕಾನ ಹತ್ತಿರ ಹೋಗಿ ಎಲ್ಲ ಹೇಳಿಕೊಂಡಳು.

“ಅದಕ್ಯಾಕ ಅಷ್ಟು ವಿಚಾರ ಮಾಡ್ತಿ?” ಎಂದ ಅಮೋಲ ಕಾಕಾ. “ಹಾಕಿಬಿಡು. ಅಕಿ ಏನು ನಿಮ್ಮ ಸಾಲಿಗಿ ಬಂದು ನೋಡ್ತಾಳೇನು?”

ಹೌದು, ನೋಡುವುದಿಲ್ಲ. ತೆಗೆಯುವಾಗಲೂ ನೋಡಿರಲಿಲ್ಲ. ಸ್ನೇಹಲಳಿಗೆ ಸಮಾಧಾನವಾಗಲಿಲ್ಲ. ಮೇಡಂಗೆ ಫೋನ್ ಮಾಡಿ ಆ ಫೋಟೋ ಬೇಡ ಎಂದಳು. ಬೇರೆ ತಂದರೆ ಬಾಗಿಲೆದುರಿನ ಜಾಗ ಸಿಗುತ್ತದೋ ಇಲ್ಲವೋ ಹೇಳಲಾರೆ ಎಂದರು ಮೇಡಂ. ಫೋನಿಟ್ಟ ಮೇಲೆ ಸ್ನೇಹಲ ಸ್ವಲ್ಪ ಅತ್ತಳು. ಆಮೇಲೆ ರಸ್ತೆ ದಾಟಿ ಸೋಮವ್ವನ ಎದುರು ಹೋಗಿ ಕೂತಳು.

“ಅಜ್ಜಿ, ಆ ಫೋಟೋ ಹಾಕಂಗಿಲ್ಲ. ಕಂಪ್ಯೂಟರಿನ್ಯಾಗಿಂದನೂ ತಗಸೀನಿ.”

ಸೋಮವ್ವ ಪೇರಿಸಿಟ್ಟ ರೊಟ್ಟಿಯ ಥಪ್ಪಿ ಸರಿಮಾಡುತ್ತಲೇ ಇದ್ದಳು.

“ಬ್ಯಾರೆ ತಗೀಲೇನು? ನೀ ಹ್ಯಾಂಗ ಹೇಳ್ತಿ ಹಂಗ. ಬ್ಯಾಡಂದ್ರ ಬ್ಯಾಡ.”

ಗಿರಾಕಿಯೊಬ್ಬ ಬಂದ, ಐದು ರೊಟ್ಟಿ ಕಟ್ಟಿಸಿಕೊಂಡು ಹೋದ. ಆಮೇಲೆ ಸೋಮವ್ವ ಎಂದಳು, “ನಾಳಿ ಮುಂಜಾನಿ ಬಾ.”

ಶುಕ್ರವಾರ ಬೆಳಿಗ್ಗೆ ಸೋಮವ್ವ ಹಸಿರು ಇಳಕಲ್ಲ ಸೀರೆ ಉಟ್ಟು ಬಂದಿದ್ದಳು. ತಲೆ ತುಂಬ ಸೆರಗು, ಹಣೆಯ ಮೇಲೆ ವಿಭೂತಿ. ಸ್ನೇಹಲ ಕ್ಯಾಮೆರಾಕ್ಕೆ ಗಿಡ್ಡ ಲೆನ್ಸ್ ಹಾಕಿಕೊಂಡು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ಇಷ್ಟು ಹತ್ತಿರ ನಿಂತು ಅವಳು ಯಾರ ಫೋಟೋವನ್ನೂ ತೆಗೆದಿರಲಿಲ್ಲ.

“ಬುಟ್ಟಿ ಸರಸ್ಲೇನು ಅಜ್ಜಿ?”

“ಯಾಕ? ಬುಟ್ಟಿ ಬರಬೇಕು. ನಿನ್ನಿ ತೊಳದು ಒಣಗಿಸೀನಿ.”

“ಸ್ವಲ್ಪ ನಗು.”

“ಫೋಟೋದಾಗ ಯಾಕ ನಗೂದು? ಬಣ್ಣದ್ದು ತಗಿ. ಈ ಸೀರಿ ಹಸರ ಅಂತ ಕಾಣಬೇಕು.”

ಸೋಮವ್ವ ಡ್ರಿಲ್ ಪೀರಿಯಡ್ಡಿನ ಹುಡುಗಿಯಂತೆ ಎರಡೂ ಕೈ ಇಳಿಬಿಟ್ಟು ಸೆಟೆದು ನಿಂತಳು. ಇದನ್ನು ನೋಡಿದರೆ ಮೇಡಂ ಏನೆನ್ನುತ್ತಾರೆ ಎಂಬುದು ಸ್ನೇಹಲಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕ್ಯಾಮೆರಾ ಕಣ್ಣಿಗೆ ಹಿಡಿದಳು.

ಬೆರಳು ಗುಂಡಿಯ ಮೇಲೆಯೇ ನಿಂತಿತು.

ಸೋಮವ್ವ ಅವಳನ್ನೇ ನೋಡುತ್ತಿದ್ದಳು. ಕಣ್ಣು ಮಿಟುಕಿಸದೆ, ನೇರವಾಗಿ. ಇಡೀ ರಜೆಯಲ್ಲಿ ಎಷ್ಟು ಮುಖಗಳನ್ನು ತೆಗೆದಿದ್ದಳೋ ಲೆಕ್ಕವಿಲ್ಲ, ಒಂದೂ ಮುಖ ಹೀಗೆ ಅವಳತ್ತ ನೋಡಿರಲಿಲ್ಲ. ಸ್ನೇಹಲಳಿಗೆ ನಾಚಿಕೆಯಾಯಿತು, ಯಾಕೋ ಖುಷಿಯೂ ಆಯಿತು.

“ತಗಿ ಯವ್ವಾ, ಗಿರಾಕಿ ನಿಂತಾರ,” ಎಂದಳು ಸೋಮವ್ವ, ತುಟಿ ಅಲುಗಿಸದೆ.

“ಒಂದ ನಿಮಿಷ, ಅಜ್ಜಿ.”

ಸ್ನೇಹಲ ಕ್ಯಾಮೆರಾ ಇಳಿಸಿ, ಹಾರಾಡುತ್ತಿದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಫ್ರಾಕಿನ ಅಂಚು ಎಳೆದು ಸರಿಮಾಡಿಕೊಂಡಳು. ತಾನೂ ನೆಟ್ಟಗೆ ನಿಂತು ಗುಂಡಿ ಒತ್ತಿದಳು.