ಕೆಂಪು ಗೆರೆ ಬಿದ್ದ ಒಂಬತ್ತನೇ ಪೈಲಟ್

"ಕಿವಿಯ ಕಾಯಿಲೆ ಏನಾದ್ರೂ ಇತ್ತಾ?"

ಪ್ರಯೋಗಾಲಯದ ಸಂಶೋಧಕ ಯೊರಿಟ್ ಅರ್ಜಿಯಿಂದ ತಲೆಯೆತ್ತದೆ ಕೇಳಿದ. ಪೈಲಟ್ ನಿಂಕೆ ಕುರ್ಚಿಯ ಅಂಚಿಗೆ ಸರಿದಳು.

"ಇತ್ತು. ಒಳಕಿವಿಗೆ ಸೋಂಕು. ಈಗ ವಾಸಿಯಾಗಿದೆ... ಅನ್ಕೊಂಡಿದೀನಿ."

"ಅನ್ಕೊಂಡಿದೀರಾ?" ಈಗ ಅವನು ತಲೆಯೆತ್ತಿದ. ಅಬ್ಬಾ, ಎಷ್ಟು ನೆಟ್ಟ ನೋಟ!

"ಸೋಮವಾರ ವೈದ್ಯರ ಪರೀಕ್ಷೆ. ಫೇಲಾದ್ರೆ ಇನ್ನು ವಿಮಾನ ಹಾರಿಸೋ ಹಾಗಿಲ್ಲ."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

"ಅಲ್ಲೀತನಕ ಮನೇಲಿ ಕೂತ್ರೆ ಹುಚ್ಚು ಹಿಡಿಯುತ್ತೆ!"

ಅವನು ನಕ್ಕ. "ಕಾಯಿಲೆಯಿಂದ ಎದ್ದವರೂ ನಮ್ಮ ಪ್ರಯೋಗಕ್ಕೆ ಬೇಕು. ಆದ್ರೆ ಎಲ್ಲರ ಸರದಿ ಮುಗಿಯೋವರೆಗೆ ಯಾರಿಗೂ ಫಲಿತಾಂಶ ಹೇಳಲ್ಲ. ನೀವು ಒಂಬತ್ತನೇ ಪೈಲಟ್."

ಡೆಲ್ಫ್ಟ್ ನಗರದ ಆ ಪ್ರಯೋಗಾಲಯದಲ್ಲಿ ಆರು ಕಾಲುಗಳ ಮೇಲೆ ನಿಂತಿತ್ತು ನಕಲಿ ವಿಮಾನದ ಕೋಣೆ. ಪರದೆಯಲ್ಲಿ ದಿಗಂತದ ಗೆರೆ ವಾಲಿದಾಗ ಪೈಲಟ್ ಹಿಡಿಕೆ ಎಳೆದು ನೇರ ಮಾಡಬೇಕು. ಕೆಲವು ಸಲ ಕೋಣೆಯೂ ಜೊತೆಗೆ ವಾಲುತ್ತದೆ, ಕೆಲವು ಸಲ ಕದಲುವುದೇ ಇಲ್ಲ. ಎರಡರಲ್ಲೂ ಕೈ ಎಷ್ಟು ಬೇಗ ಓಡಿತೆಂದು ಅಳೆದು, ಕಣ್ಣು ಎಷ್ಟು ದುಡಿಯಿತು, ದೇಹದ ವಾಲಿಕೆ ಗುರುತಿಸುವ ಒಳಕಿವಿ ಎಷ್ಟು ದುಡಿಯಿತು ಎಂದು ಬಿಡಿಸಿ ಹೇಳುವುದು ಯೊರಿಟ್‌ನ ಕೆಲಸ.

ಮೂರು ದಿನ ಅವನ ದನಿ ಹೆಡ್‌ಫೋನಿನಲ್ಲಿ ಅವಳ ಜೊತೆಗಿತ್ತು.

"ಚಳಿ ಆಗ್ತಿಲ್ಲ ತಾನೆ? ಭುಜ ಸಡಿಲ ಬಿಡಿ... ಹಾಂ, ಹಾಗೆ."

ಎಲ್ಲರಿಗೂ ಹೀಗೇ ಹೇಳ್ತಾನೇನೋ... ಮತ್ತೆ ನನಗ್ಯಾಕೆ ತಲೆ ತಿರುಗಿದ ಹಾಗಾಗ್ತಿದೆ? ಅಯ್ಯೋ, ಕಿವಿಯೇ ಹಾಳಾಗಿದೆಯಾ!

ಶುಕ್ರವಾರ ಮಧ್ಯಾಹ್ನ ಚೀಸ್ ಬ್ರೆಡ್ ತಿನ್ನುತ್ತಾ ಯೊರಿಟ್ ಕೂರುವ ಗಾಜಿನ ಕೋಣೆಯ ಮುಂದೆ ಹಾದವಳು ಗಕ್ಕನೆ ನಿಂತಳು. ಗೋಡೆಯ ಪಟ್ಟಿಯಲ್ಲಿ ಒಂಬತ್ತರ ಮೇಲೆ ಅವನು ಕೆಂಪು ಗೆರೆ ಎಳೆಯುತ್ತಿದ್ದ!

"ಯಾಕೆ?" ಅವಳು ಬಾಗಿಲು ತಳ್ಳಿ ಕೇಳಿದಳು.

ಅವನ ಮುಖ ಕೆಂಪಾಯಿತು. "ಇನ್ಮೇಲೆ ನೀವು ಹಾರಿಸೋದು ಬೇಡ..."

ಮುಂದಿನ ಮಾತು ಕೇಳಲು ನಿಂಕೆ ನಿಲ್ಲಲಿಲ್ಲ. ಹೆದರಿದ ಮನಸ್ಸು ಲೆಕ್ಕದಲ್ಲಿ ಬಲು ಚುರುಕು. ಉತ್ತರ ಮಾತ್ರ ಯಾವಾಗಲೂ ಒಂದೇ. ಮುಗೀತು. ಇಪ್ಪತ್ತೊಂಬತ್ತಕ್ಕೇ ಎಲ್ಲಾ ಮುಗೀತು...

ಸೈಕಲ್ ನಿಲ್ದಾಣದಲ್ಲಿ ಅವಳು ಬೀಗ ತೆಗೆಯುತ್ತಿದ್ದಳು. ಹಿಂದೆಯೇ ಯೊರಿಟ್ ಓಡಿ ಬಂದ, ಗಾಳಿಗೆ ಕೋಟೂ ಇಲ್ಲದೆ.

"ತಪ್ಪು ನನ್ನದು! ಬೇರೆ ಪೈಲಟ್‌ಗಳಿಗೆ 'ಮೂರು, ಎರಡು, ಒಂದು' ಅಂತೀನಿ, ಅಷ್ಟೇ. ಎಲ್ಲರಿಗೂ ಒಂದೇ ಮಾತು ಅನ್ನೋದು ನಿಯಮ. ನಿಮ್ಮ ಹತ್ರ ಮಾತ್ರ..."

"ಮಾತ್ರ?"

ಪ್ರಯೋಗಾಲಯದ ಬಾಗಿಲಲ್ಲಿ ಯಂತ್ರ ನೋಡಿಕೊಳ್ಳುವ ಆಂಕ್ ನಿಂತಿದ್ದಳು, ವಯಸ್ಸಾದ ಹೆಂಗಸು. "ಒಂಬತ್ತನೇದು ಹೋಗಿದ್ದು ನಿನ್ನ ಕಿವಿಯಿಂದಲ್ಲ ಕಣಮ್ಮ, ಇವನ ಬಾಯಿಂದ! ದಿನವಿಡೀ ವಟವಟ. ಮೂರು ದಿನದ ದುಡಿಮೆ ಕಸದ ಬುಟ್ಟಿಗೆ!"

ನಿಂಕೆಗೆ ಅಳುವಿನ ನಡುವೆಯೇ ನಗು ಬಂತು. ಆದರೂ ಭಯ ಬಿಡಲಿಲ್ಲ.

"ಹಾಗಾದ್ರೆ... ನನ್ನ ಕಿವಿ?"

"ಪಟ್ಟಿಯಿಂದ ತೆಗೆದಾಯ್ತಲ್ಲ, ಈಗ ಹೇಳಬಹುದು. ಕೋಣೆ ಕದಲದಿದ್ದಾಗ ನಿಮ್ಮ ಕೈ ನಿಧಾನ. ಕದಲಿದಾಗ ಬೇಗ. ಕಣ್ಣೊಂದರಿಂದಲೇ ಅಷ್ಟು ಬೇಗ ಆಗಲ್ಲ, ನಿಂಕೆ. ಕಿವಿ ಕೆಲಸ ಮಾಡ್ತಿದೆ. ನಾನು ವೈದ್ಯ ಅಲ್ಲ, ಸೋಮವಾರ ಏನಾಗುತ್ತೋ ಗೊತ್ತಿಲ್ಲ. ಆದ್ರೆ ನಾನು ಕಂಡಿದ್ದು ಇದು."

ಅವಳು ಮೂಗು ಒರೆಸಿಕೊಂಡಳು. ಅವನು ಮೆಲ್ಲಗೆ ಕೇಳಿದ.

"ಸೋಮವಾರ ನಾನೂ ಬರ್ಲಾ?"

"ಒಳಗೆ ಬಿಡಲ್ಲ."

"ಹೊರಗೆ ಕೂತಿರ್ತೀನಿ. ಪಾಸಾದ್ರೆ ಸಂತೋಷ ಹೇಳ್ಕೊಳ್ಳೋಕೆ ನೂರು ಜನ ಸಿಗ್ತಾರೆ. ಆಗದೇ ಹೋದ್ರೆ ಒಬ್ಬನಾದ್ರೂ ಬೇಕಲ್ವಾ?"

ನಿಂಕೆ ಅವನನ್ನೇ ನೋಡಿದಳು. ಸೋಮವಾರದ ಭಯ ಹೋಗಿರಲಿಲ್ಲ. ಆದರೆ ಈಗ ಅದನ್ನು ಹೊರಲು ಇಬ್ಬರಿದ್ದರು.

"ಬೆಳಿಗ್ಗೆ ಎಂಟೂವರೆಗೆ," ಎಂದಳು. "ಕೋಟ್ ಹಾಕ್ಕೊಂಡು ಬಾ."